ರಜೆ ಮ್ಯಾಲಿದ್ದ ಶಶಿಕಲಾನ ಫೋನು

ಗಾಳಿ, ದೆವ್ವ, ಮುಂದಾಗೋದು ಮೊದಲೇ ಕಾಣಿಸ್ತು ಅಂತ ಯಾರಾದ್ರೂ ಹೇಳಾಕ ಬಂದ್ರ ನಾನು ಎದ್ದು ಹೋಗಾಕಿ. ನಾರಾಯಣಪೇಟದ ಒಂದು ದವಾಖಾನಿಯ ಎಮರ್ಜೆನ್ಸಿ ವಾರ್ಡಿನಾಗ ಎಷ್ಟೋ ವರ್ಷ ದುಡದೀನಿ. ನನ್ನ ಕಣ್ಮುಂದ ಸತ್ತವರು ಬಾಳ ಮಂದಿ. ಒಬ್ಬರೂ ತಿರುಗಿ ಬಂದು ನನ್ನ ಮಾತಾಡಿಸಲಿಲ್ಲ. ಹಿಂಗಿದ್ದ ನನಗ ಒಂದು ಮಧ್ಯಾಹ್ನ ಆದದ್ದು ಇವತ್ತಿಗೂ ತಿಳಿವಲ್ದು. ಓದಿದವರು ಯಾರಾದ್ರೂ ತಿಳಿಸಿ ಹೇಳ್ತಾರೇನೋ ಅಂತ ಬರೀತೀನಿ.

ನಾನು ಓದಿದ್ದು ಐದನೇ ಕ್ಲಾಸು. ಮೊದಲು ಆಯಾ ಆಗಿ ಸೇರಿದೆ. ಕನ್ನಡ, ತೆಲುಗು, ಉರ್ದು ಮೂರೂ ಆಡ್ತೀನಂತ ಡಾಕ್ಟರು ನನ್ನ ಬಾಗಿಲ ಹಂತೇಕಿನ ಟೇಬಲ್ಲಿಗೆ ಕೂಡಿಸಿದ್ರು. ಬಂದವರ ಹೆಸರು, ಊರು ಕೇಳೋದು, ಡಾಕ್ಟರಿಗೆ ಫೋನ್ ಹಚ್ಚೋದು, ಯಾವ ಮಂಚ ಖಾಲಿ ಐತಿ ನೋಡೋದು, ಜೊತಿಗೆ ಬಂದ ಮಂದೀನ ಹೊರಗ ಹಾಕೋದು. ಇಷ್ಟ ಕೆಲಸ. ನಾನು ಚಲೋ ಮಾಡ್ತಿದ್ದೆ.

ಆಮ್ಯಾಲ ಶಶಿಕಲಾ ಬಂದಳು. ಮಕ್ತಲ್ ಹುಡುಗಿ, ಡಿಗ್ರಿ ಓದಿದಾಕಿ. ಮಾತಾಡೋಕಿಂತ ಮೊದಲು ಮೂಗಿನಾಗ ಒಂದು ಸಣ್ಣ ನಗಿ ನಗತಿದ್ದಳು. ಆ ನಗಿಗೇ ಮಂದಿ ಮರುಳಾದ್ರು. ನಾನು ಎದುರಿಗೆ ಕೂತಿದ್ರೂ "ಆ ನಗೋ ಮೇಡಮ್ ಎಲ್ಲಿ ಹೋದ್ರು?" ಅಂತ ಕೇಳೋರು. ಡಾಕ್ಟರು ಚಾ ತರಿಸಿದ್ರ ಮೊದಲ ಕಪ್ಪು ಆಕಿಗೆ. ನನ್ನ ಕುರ್ಚಿ ಆಕಿಗೆ ಹೋಯ್ತು, ನನಗ ಕೈ ಮುರಿದ ಕುರ್ಚಿ ಬಂತು. ಹೊಟ್ಟಿ ಉರೀತಿತ್ತು, ಇಲ್ಲ ಅಂತ ಯಾಕ ಹೇಳ್ಲಿ?

ಒಂದಿನ ಆಕಿ ಅಕ್ಕನ ಮಗಳ ನಿಶ್ಚಿತಾರ್ಥಕ್ಕಂತ ಗದ್ವಾಲಕ್ಕ ಹೋಗಿದ್ದಳು. ನಾನು ನನ್ನ ಹಳೇ ಕುರ್ಚಿ ಮ್ಯಾಲ ಆರಾಮ ಕೂತು ಬುತ್ತಿ ಬಿಚ್ಚಾಕತ್ತಿದ್ದೆ. ಟೇಬಲ್ ಫೋನು ರಿಂಗಾಯ್ತು. ಎತ್ತಿದ ಕೂಡ್ಲೆ ಅದೇ ಮೂಗಿನ ನಗಿ.

"ಅಕ್ಕಾ, ಬಾಗಿಲ ಹಂತೇಕಿನ ಮಂಚ ಯಾರಿಗೂ ಕೊಡಬ್ಯಾಡ್ರಿ. ಉಟ್ಕೂರ್ ಕಡಿಂದ ಒಬ್ರು ಬರ್ತಾರ, ಉಸಿರು ಸಿಗವಲ್ದು. ಆಕ್ಸಿಜನ್ ಸಿಲಿಂಡರ್ ಒಂದೀಟು ನೋಡ್ರಿ."

"ರಜಾ ಹಾಕಿದಾಕಿಗೆ ಇಲ್ಲಿ ಉಸಾಬರಿ ಯಾಕವ್ವಾ? ಊಟ ಮಾಡು ಹೋಗು" ಅಂದೆ. ಫೋನು ಕಟ್ ಆಯ್ತು.

ಗದ್ವಾಲದಾಗ ಕೂತು ನನಗ ಹುಕುಂ ಮಾಡ್ತಾಳ ಅಂತ ಮೈಯೆಲ್ಲಾ ಉರೀತು. ಎದ್ದು ಹೋಗಿ ಸಿಲಿಂಡರ್ ನೋಡಿದೆ, ತುಂಬೇತಿ ಅಂತ ನಾಳೆ ಆಕಿ ಮುಖಕ್ಕ ಹೇಳಬೇಕಲ್ಲ! ಅದು ಖಾಲಿ ಇತ್ತು. ಬೈಕೋತ ಬದಲಿ ಮಾಡಿಸಿದೆ. ಮಂಚಾನೂ ಖಾಲಿ ಇಟ್ಟೆ. ಕೈ ಮುರಕೊಂಡವನೊಬ್ಬನ ಕಡಿಯವರು "ಮಂಚ ಖಾಲಿ ಐತಲ್ಲ, ನಿಮ್ಮ ಮನಿ ಗಂಟೇನು ಹೋಗ್ತೈತಿ?" ಅಂತ ಜಗಳಕ್ಕ ನಿಂತ್ರು. ಅವನ್ನ ಬೆಂಚಿನ ಮ್ಯಾಲೆ ಕೂಡಿಸಿದೆ, ಮಂಚ ಕೊಡಲಿಲ್ಲ. ಯಾಕ ಗೊತ್ತೇನು? ಉಟ್ಕೂರಿಂದ ಯಾರೂ ಬರಲ್ಲ, ಶಶಿಕಲಾನ ಮಾತಿಗೆ ಮಂಚ ಸುಮ್ಮನ ಬಿತ್ತು ಅಂತ ಡಾಕ್ಟರಿಗೆ ತೋರಿಸಬೇಕಿತ್ತು. ಒಂದು ದಿನನಾದ್ರೂ ಆಕಿ ಬೈಸಿಕೊಳ್ಳಲಿ ಅನ್ನೋ ಆಸಿ.

ಬಾಳ ಹೊತ್ತಿನ ಮ್ಯಾಲ ಒಂದು ಆಟೋ ಬಂತು. ಇಬ್ಬರು ಒಬ್ಬನ್ನ ಎತ್ತಿಕೊಂಡು ಬಂದ್ರು. ಹೆಜ್ಜೇನು ಕಡಿದು ಮುಖ ಕುಂಬಳಕಾಯಿ ಆಗಿತ್ತು. ಕಣ್ಣಿಲ್ಲ, ತುಟಿ ಇಲ್ಲ, ಗೊರಗೊರ ಉಸಿರು. "ಯಾವೂರು?" ಅಂದೆ. "ಉಟ್ಕೂರ್ ಕಡಿಂದ ತಂದೀವ್ರಿ, ದಾರಿಯಾಗ ಬಿದ್ದಿದ್ರು" ಅಂದ ಆಟೋದವ. ಮಂಚದ ಮ್ಯಾಲ ಮಲಗಿಸಿ, ಬಗ್ಗಿ, "ಹೆಸರೇನ್ರಿ ನಿಮ್ಮದು?" ಅಂತ ಕೇಳಿದೆ. ಆಗ ಅಂಗಿ ಕಂಡಿತು. ಬಿಳೀ ಅಂಗಿಗೆ ಒಂದು ಕರೀ ಗುಂಡಿ. ಮುಂಜಾನೆ ನಾನ ಹಚ್ಚಿದ್ದು.

ನಮ್ಮನಿಯವರು! ಮುಂಜಾನೆ ತಮ್ಮ ತಂಗಿ ಮನಿಗಂತ ಉಟ್ಕೂರಿಗೆ ಹೋಗಿದ್ರು. ಶಶಿಕಲಾನ ಮ್ಯಾಲಿನ ಸಿಟ್ಟಿನಾಗ ಅದು ನನ್ನ ತಲಿಗೇ ಬಂದಿರಲಿಲ್ಲ.

ಸಿಸ್ಟರ್ "ಹೆಸರು ಹೇಳ್ರಿ ಲಗೂನ" ಅಂತ ಒದರಾಕತ್ತಿದ್ದಳು. ಊರ ಮಂದಿಗೆಲ್ಲಾ ಹೆಸರು ಕೇಳಿದಾಕಿ ನಾನು. ಗಂಡನ ಹೆಸರು ಜಲ್ಮದಾಗ ಬಾಯಿಬಿಟ್ಟು ಅಂದಾಕಿ ಅಲ್ಲ. ಅವತ್ತು ಕೂಗಿ ಹೇಳಿದೆ. ಆಕ್ಸಿಜನ್ ಹಚ್ಚಿದ್ರು, ಸೂಜಿ ಚುಚ್ಚಿದ್ರು. ಹೊತ್ತು ಮುಳುಗೋದ್ರಾಗ ಬಾವು ಇಳಿದು ಅವರು ಕಣ್ಣು ಬಿಟ್ರು. ಮಂಚಕ್ಕೋ ಸಿಲಿಂಡರಿಗೋ ಹುಡುಕಾಡಿದ್ರ ಉಳೀತಿರಲಿಲ್ಲ ಅಂದ್ರು ಡಾಕ್ಟರು.

ಮರುದಿನ ಶಶಿಕಲಾ ಬಂದಳು. "ಅಕ್ಕಾ, ನಾನು ಫೋನ ಮಾಡಿಲ್ರಿ. ನನ್ನ ಫೋನು ಅವ್ವನ ಚೀಲದಾಗಿತ್ತು. ನಾನು ಮಂದಿಗೆ ಬಡಸಾಕತ್ತಿದ್ದೆ" ಅಂದಳು. ಆಕಿ ಸುಳ್ಳು ಹೇಳಾಕಿ ಅಲ್ಲ, ಅದೂ ನನಗ ಸಿಟ್ಟು. ಇನ್ನೊಂದು ಮಾತು ಕೇಳ್ರಿ. ನಾನು ಬುತ್ತಿ ಬಿಚ್ಚೋ ಹೊತ್ತಿಗೆ ನಮ್ಮನಿಯವರು ತಂಗಿ ಮನಿಯಾಗ ಕೂತು ಚಂದಗೆ ರೊಟ್ಟಿ ತಿನ್ನಾಕತ್ತಿದ್ರಂತ. ಹೆಜ್ಜೇನು ಎದ್ದದ್ದೇ ಆಮ್ಯಾಲ. ಅಂದ ಮ್ಯಾಲ ಉಸಿರು ಸಿಗವಲ್ದು ಅಂತ ಯಾರಿಗೆ ಗೊತ್ತಿತ್ತು?

ಮನಿಯವರಿಗೆ ಈ ವಿಚಾರ ಬ್ಯಾಡ. "ಆ ಹುಡುಗಿ ನನ್ನ ಜೀವ ಉಳಿಸಿದಳು" ಅಂತ ಊರೆಲ್ಲಾ ಹೇಳಿದ್ರು. ಹಬ್ಬಕ್ಕ ಆಕಿಗೆ ನಾರಾಯಣಪೇಟ ರೇಷ್ಮಿ ಸೀರಿ ತಂದ್ರು, ಅಗಲ ಅಂಚಿಂದು. ನನಗ ಹತ್ತಿ ಸೀರಿ. ಆಕಿ ಮನಿಗೆ ಬಂದು "ನಾ ಏನೂ ಮಾಡಿಲ್ಲಕ್ಕಾ, ಇದು ನೀವ ಉಟ್ಕೋರಿ" ಅಂತ ಸೀರಿ ಮುಂದಿಟ್ಟಳು. "ನಿನಗ ತಂದದ್ದು ನನಗ್ಯಾಕ?" ಅಂತ ತಿರುಗಿ ಕೊಟ್ಟೆ. ಖರೇ ಹೇಳಬೇಕಂದ್ರ ಅವರನ್ನ ಉಳಿಸಿದ್ದು ನನ್ನ ಹೊಟ್ಟಿಕಿಚ್ಚು. ಅದಕ್ಕ ಯಾರು ಸೀರಿ ತರ್ತಾರ?

ಈಗ ಕೆಲಸ ಬಿಟ್ಟು ಮನಿಯಾಗಿದೀನಿ. ಫೋನು ಮಾಡಿದವರು ಯಾರಂತ ತಿಳೀಲಿಲ್ಲ, ತಿಳಿಯೋದೂ ಇಲ್ಲ. ಯಾರರ ಆಗಲಿ, ನನ್ನ ಗಂಡನ ಸುದ್ದಿ ನನಗ ಹೇಳೋದಿದ್ರ ಸತ್ತ ನಮ್ಮವ್ವನ ದನಿಯಾಗ ಹೇಳಬಾರದಿತ್ತೇನು? ಆಕಿ ದನಿನೇ ಬೇಕಾಗಿತ್ತಾ? ನಮ್ಮನಿಯವರು ಊರಿಗೆ ಹೋದ ದಿನ ಫೋನು ರಿಂಗಾದ್ರ ಇವತ್ತಿಗೂ ಮೊದಲು ಆ ಮೂಗಿನ ನಗಿ ಕೇಳಿಸ್ತೈತೇನು ಅಂತ ಕಿವಿ ಹಚ್ಚತೀನಿ. ಕೇಳಿಸಿದ್ರ ಮೈ ಉರಿಯೋದು ಗ್ಯಾರಂಟಿ. ಆದ್ರ ಫೋನ ಇಡಾಕಿ ಅಲ್ಲ ನಾನು.