ಖಿಚಡಿಯಲ್ಲಿನ ಹರಳು

ಅರಿಸಿನ ಹತ್ತಿ ಹಳದಿಯಾದ ಆಕೆಯ ಬೆರಳುಗಳು ಮೊರದ ಅಕ್ಕಿಯಲ್ಲಿ ಸರಸರ ಓಡಾಡುತ್ತಿದ್ದವು. ಕಣ್ಣು ಮಾತ್ರ ಬೇರೆಲ್ಲೋ ಇರುತ್ತಿತ್ತು. ಗಡಿಯಾಚೆಯ ಉಮರ್ಗಾದ ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಖಿಚಡಿ ಮಾಡುತ್ತಿದ್ದ ಆಕೆಯನ್ನು ಎಲ್ಲರೂ ಮರಾಠಿಯಲ್ಲಿ ಮಾವಶಿ, ಚಿಕ್ಕಮ್ಮ, ಎನ್ನುತ್ತಿದ್ದೆವು. ದಿನಾ ಅಷ್ಟು ಹೊತ್ತು ಅಕ್ಕಿ ಹಸನು ಮಾಡಿಯೂ ಖಿಚಡಿಯಲ್ಲಿ ಹರಳು ತಪ್ಪುತ್ತಿರಲಿಲ್ಲ.

"ಮಾವಶಿ, ಇವತ್ತ ಹರಳಿನಾಗ ಒಂದೀಟು ಅಕ್ಕಿ ಸಿಕ್ಕಾವ ನೋಡು" ಎಂದು ಕಾಡಿಸಿದರೆ, "ಹಲ್ಲು ಗಟ್ಟಿ ಆಗ್ತಾವ, ಸುಮ್ನ ತಿನ್ನು" ಎನ್ನುವಳು.

ಅಡುಗೆಕೋಣೆ ಬಿಟ್ಟು ಗಣಿತದ ಸರ್ ಕೋಣೆಯ ಎದುರೇ ಯಾಕೆ ಕೂರುತ್ತಾಳೆಂದು ನಾವು ಯಾರೂ ಕೇಳಲಿಲ್ಲ. ಅವರು ಯಾವ ಹುಡುಗಿಯನ್ನಾದರೂ ಒಬ್ಬಳನ್ನೇ ಒಳಗೆ ಕರೆದರೆ ಸಾಕು, ಈಕೆ ಕೂಗುವಳು: "ಸರ್, ಆಕೀನ ಕಳಸ್ರೀ, ಅಕ್ಕಿ ಹಸನ ಮಾಡೋದದ!" ಆರನೆಯ ಇಯತ್ತೆಯಲ್ಲಿ ಒಮ್ಮೆ ನನ್ನನ್ನೂ ಕರೆದರು. ನಾನು ಒಳಗೆ ಹೋದೆ, ಸರ್ ಬಾಗಿಲು ಮುಂದೆ ಮಾಡಿದರು. ಮರುಕ್ಷಣ ಮಾವಶಿ ಬಾಗಿಲು ತಳ್ಳಿ, ನನ್ನ ಕೈ ಹಿಡಿದು ಎಳೆದೊಯ್ದು ಮೊರದ ಮುಂದೆ ಕೂರಿಸಿದಳು. ಸುಮ್ಮನೆ ಕೆಲಸ ಹಚ್ಚಿದಳೆಂದು ನನಗೆ ಸಿಟ್ಟೇ ಬಂದಿತ್ತು.

ಮುಂದಿನ ವರ್ಷ ಸರ್‌ಗೆ ದೇವಣಿ ಕಡೆಯ ಶಾಲೆಗೆ ಬದಲಿಯಾಯಿತು. ಹಾರ ಹಾಕಿ, ಶಾಲು ಹೊದಿಸಿ ಕಳಿಸಿಕೊಟ್ಟೆವು. ಅಂದಿನಿಂದ ಖಿಚಡಿಯಲ್ಲಿ ಒಂದು ಹರಳೂ ಸಿಗಲಿಲ್ಲ.

ಈಗ ನಾನೂ ಶಿಕ್ಷಕಿ. ಹೋದ ವರ್ಷ ಆ ಸರ್‌ನನ್ನು ಪೊಲೀಸರು ಹಿಡಿದರು. ದೇವಣಿ ಕಡೆಯ ಆ ಶಾಲೆಯ ಮೂವರು ಹುಡುಗಿಯರು ತಮಗಾದದ್ದನ್ನು ಮನೆಯಲ್ಲಿ ಹೇಳಿದ್ದರು. ಸುದ್ದಿ ಕೇಳಿ ಮಾವಶಿಯ ಮನೆಗೆ ಹೋದೆ. ಹಾಸಿಗೆ ಹಿಡಿದಿದ್ದಳು.

"ನಿಂಗ ಮೊದಲ ಗೊತ್ತಿತ್ತೇನು, ಮಾವಶಿ?"

"ಗೊತ್ತಿತ್ತವ್ವ. ಹೆಡ್‌ಮಾಸ್ತರಗ ಹೇಳಿದ್ದೆ. ಸಾಲಿ ಹೆಸರು ಕೆಡ್ತದ, ಬದಲಿ ಮಾಡಸ್ತೀನಿ, ನೀ ಬಾಯಿ ಮುಚ್ಚು ಅಂದ್ರು. ಪೀಡಾ ಹೋತು ಅಂದ್ಕೊಂಡೆ ನಾ." ನನ್ನ ಕಡೆ ಹೊರಳಿ ಕೇಳಿದಳು: "ಅಲ್ಲಿ ಖಿಚಡಿ ಮಾಡಾಕಿ ಯಾರಿದ್ಲವ್ವ?"

ಆಕೆಯ ಕಾಲು ಮುಟ್ಟಬೇಕೋ, ಇಷ್ಟು ವರ್ಷ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ಜಗಳ ತೆಗೆಯಬೇಕೋ ತಿಳಿಯದೆ ಎದ್ದು ಬಂದೆ. ಇವತ್ತಿಗೂ ತಿಳಿದಿಲ್ಲ. ನಾನು ಉಳಿದದ್ದು ಆಕೆಯಿಂದ, ಅದೊಂದು ಮಾತ್ರ ಗೊತ್ತು.

ತಿಂಗಳೊಳಗೆ ಮಾವಶಿ ತೀರಿಕೊಂಡಳು. ಮಣ್ಣಿಗೆ ನಿವೃತ್ತ ಹೆಡ್‌ಮಾಸ್ತರರೂ ಬಂದಿದ್ದರು. ಕೈ ಮುಗಿದು ನನ್ನ ಪಕ್ಕ ಬಂದು ನಿಂತರು.

"ಭಾಳ ಚಲೋ ಹೆಣ್ಮಗಳು. ಸಾಲಿ ಮಾತು ಒಂದೂ ಹೊರಗ ಆಡ್ಲಿಲ್ಲ."

"ಸರ್, ಅಲ್ಲಿ ಖಿಚಡಿ ಮಾಡಾಕಿ ಯಾರಿದ್ಲು?" ಎಂದೆ.

ಅವರು ನನ್ನ ಮುಖ ನೋಡಿದರು.

"ಎಲ್ಲಿ?"