ಹನ್ನೆರಡನೇ ಪ್ರಯೋಗದ ಕೊನೆಯ ಎರಡು ಬೈಟ್

ನಾನು ಹೇಳಿದ ಸುಳ್ಳು ಎರಡೇ ಎರಡು ಪದದ್ದು. "ನೂರು ಸಲ."

ಹೇಳಿದ್ದು ಲ್ಯಾಬಿನಲ್ಲಿ, ಹದಿನೆಂಟು ಮಕ್ಕಳ ಎದುರಿಗೆ. ಕೇಳಿದವಳು ಪವಿತ್ರಾ. ಅಮೃತೂರಿನಿಂದ ಪ್ರೈವೇಟ್ ಬಸ್ಸಿನಲ್ಲಿ ನಿಂತುಕೊಂಡೇ ಬರುವ ಹುಡುಗಿ. "ಮೇಡಂ, ಈ ಹನ್ನೆರಡನೇ ಪ್ರೋಗ್ರಾಂನ ನೀವು ಯಾವತ್ತಾದ್ರೂ ರನ್ ಮಾಡಿ ನೋಡಿದೀರಾ?"

ಒಂದು ಸಲವೂ ನೋಡಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷ ಸರ್ವಿಸ್ ಆದ ಮೇಲೆ ಹಾಗಂತ ಬಾಯಿಬಿಟ್ಟು ಹೇಳುವುದು ಹೇಗೆ?

ಹೊಸ ಓದುಗರಿಗೆ ಒಂದು ಮಾತು. ನಾನು ಡಿಪ್ಲೊಮಾ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುವವಳು. ಮನೆ ತುಮಕೂರು, ಕಾಲೇಜು ಕುಣಿಗಲ್ ಕಡೆ. (ಹೆಸರು ಕೇಳಬೇಡಿ, ಕೆಲಸ ಇನ್ನೂ ಬೇಕು.) ನಮ್ಮ ಲ್ಯಾಬ್ ಮ್ಯಾನ್ಯುಯಲ್‌ನ ಹನ್ನೆರಡನೇ ಪ್ರಯೋಗ, ಫ್ಲಾಪಿಗೆ ಅಸೆಂಬ್ಲಿ ಭಾಷೆಯಲ್ಲಿ ಬೂಟ್ ಸೆಕ್ಟರ್ ಪ್ರೋಗ್ರಾಂ ಬರೆಯುವುದು. ಈಗ ಫ್ಲಾಪಿ ಎಲ್ಲಿದೆ ಅನ್ನುತ್ತೀರಾ? ಎಲ್ಲೂ ಇಲ್ಲ. ಅದನ್ನು ಮ್ಯಾನ್ಯುಯಲ್‌ನಿಂದ ತೆಗೆಯಲು ಯಾರಿಗೂ ಪುರುಸೊತ್ತಾಗಿಲ್ಲ, ಅಷ್ಟೇ.

ಸಂಗತಿ ಸರಳ. ಕಂಪ್ಯೂಟರ್ ಆನ್ ಆದ ತಕ್ಷಣ ಫ್ಲಾಪಿಯ ಮೊದಲ ಸೆಕ್ಟರ್ ಓದುತ್ತದೆ. ಒಟ್ಟು ಐನೂರ ಹನ್ನೆರಡು ಬೈಟ್. ಕೊನೆಯ ಎರಡು ಬೈಟ್‌ನಲ್ಲಿ ಒಂದು ಗುರುತು ಇರಬೇಕು. ಗುರುತು ಇದ್ದರೆ ನಮ್ಮ ಪ್ರೋಗ್ರಾಂ ಓಡುತ್ತದೆ. ಇಲ್ಲದಿದ್ದರೆ ಬಾಗಿಲಲ್ಲೇ ತಡೆ.

ಇದನ್ನು ನಮ್ಮಲ್ಲಿ ಯಾರೂ ರನ್ ಮಾಡುವುದಿಲ್ಲ. ರೆಕಾರ್ಡ್‌ನಲ್ಲಿ ಬರೆಯುತ್ತಾರೆ. ಸೀನಿಯರ್ ರೆಕಾರ್ಡ್ ನೋಡಿಕೊಂಡು ಜೂನಿಯರ್, ಅವಳದನ್ನು ನೋಡಿಕೊಂಡು ಇನ್ನೊಬ್ಬಳು. ಔಟ್‌ಪುಟ್ ಸಮೇತ! ಪರೀಕ್ಷೆ ನಡೆಸಲು ಬಂದವರು ಅಕ್ಷರ ದುಂಡಗಿದೆ ಎಂದು ಸೈನ್ ಹಾಕುತ್ತಾರೆ. ನಾನು ಫುಲ್ ಮಾರ್ಕ್ಸ್ ಕೊಡುತ್ತೇನೆ. ಎಲ್ಲರೂ ಸುಖಿ.

ಈ ಪವಿತ್ರಾ ಬಿಡಬೇಕಲ್ಲ? "ಹಂಗಾದ್ರೆ ನಾಳೆ ಒಂದ್ಸಲ ತೋರ್ಸಿ ಮೇಡಂ."

ಮರುದಿನ ಅಟೆಂಡರ್ ರಂಗಪ್ಪ ಮೂಲೆಯಲ್ಲಿದ್ದ ಹಳೆಯ ಮಿಷಿನ್ ಒರೆಸಿ ಇಟ್ಟಿದ್ದ. ಗುಬ್ಬಿಯವನು, ಒಂದು ಸ್ಕ್ರೂ ಕೂಡ ಎಸೆಯುವವನಲ್ಲ. ಬೀರುವಿನಿಂದ ಒಂದು ಡಬ್ಬ ಫ್ಲಾಪಿಯನ್ನೂ ತೆಗೆದುಕೊಟ್ಟ. ಸೀನಿಯರ್ ರೆಕಾರ್ಡ್ ನೋಡಿಕೊಂಡೇ ಪ್ರೋಗ್ರಾಂ ಟೈಪ್ ಮಾಡಿ, ಮೊದಲ ಸೆಕ್ಟರ್‌ಗೆ ಬರೆದು, ರೀಸ್ಟಾರ್ಟ್ ಒತ್ತಿದೆ. ಹದಿನೆಂಟು ತಲೆ ಮುಂದಕ್ಕೆ ಬಾಗಿದವು.

ಡಿಸ್ಕ್ ಬೂಟ್ ಫೇಲ್ಯೂರ್.

ಎರಡನೇ ಫ್ಲಾಪಿ. ಅದೇ ಮಾತು. ಮೂರನೆಯದು. ಅದೇ. ನೂರು ಸಲ ಮಾಡಿದವಳ ಕೈಯಲ್ಲಿ ಒಂದು ಸಲವೂ ಆಗುತ್ತಿಲ್ಲ. ಆಗ ನಾನೇನು ಮಾಡಿದೆ ಗೊತ್ತೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. "ಏನ್ ರಂಗಪ್ಪ, ಡ್ರೈವ್‌ಗೆ ಧೂಳು ಹಿಡಿಸಿ ಇಟ್ಟಿದೀಯಲ್ಲ?" ಎಂದು ಎಲ್ಲರ ಮುಂದೆ ರೇಗಿದೆ.

ರಂಗಪ್ಪ ಡಬ್ಬದ ತಳದಿಂದ ಡಾಸ್ ಎಂಬ ಹಳೇ ಕಾಲದ ಆಪರೇಟಿಂಗ್ ಸಿಸ್ಟಂ ಇರುವ ಒಂದು ಫ್ಲಾಪಿ ತೆಗೆದು ಹಾಕಿದ. ಡ್ರೈವ್ ಕರಕರ ಅಂದಿತು. ಡಾಸ್ ಬೂಟ್ ಆಗಿ ಕಣ್ಣು ಮಿಟುಕಿಸುತ್ತಾ ನಿಂತಿತು.

"ಡ್ರೈವು ಸರ್ಯಾಗೈತೆ ಮೇಡಂ" ಅಂದ, ಅಷ್ಟೇ.

ಪವಿತ್ರಾ ಸುಮ್ಮನೆ ಕೂರಲಿಲ್ಲ. ಅವನ ಫ್ಲಾಪಿಯ ಮೊದಲ ಸೆಕ್ಟರ್, ನಮ್ಮದರ ಮೊದಲ ಸೆಕ್ಟರ್, ಎರಡನ್ನೂ ತೆಗೆದು ನೋಡಿದಳು. "ಮೇಡಂ, ಅದ್ರಲ್ಲಿ ಕೊನೇಗೆ 55, ಆಮೇಲೆ AA ಐತೆ. ನಮ್ದ್ರಲ್ಲಿ AA ಮೊದ್ಲು ಬಂದೈತೆ. ಉಲ್ಟಾ."

ಪುಸ್ತಕದಲ್ಲಿ ಅದು AA55 ಎಂಬ ಒಂದೇ ಸಂಖ್ಯೆ. ರೆಕಾರ್ಡ್‌ನಲ್ಲಿ ಅದನ್ನೇ ಒಡೆದು ಮೊದಲು AA, ಆಮೇಲೆ 55 ಎಂದು ಬರೆದಿತ್ತು. ಆದರೆ ಈ ಪ್ರೊಸೆಸರ್ ಸಂಖ್ಯೆಯನ್ನು ಬಾಲದಿಂದ ಇಡುತ್ತದೆ, ಮೊದಲು 55. ಇದನ್ನು ನಾನೇ ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತೇನೆ. ಪಾಠ ಬೇರೆ, ನೋಟ್ಸ್ ಬೇರೆ!

ಹಿಂದಿನ ಬೆಂಚಿನಿಂದ ಯಾರೋ ಅಂದರು: "ಸೀನಿಯರ್ ಅಕ್ಕನ ರೆಕಾರ್ಡಲ್ಲೇ ತಪ್ಪೈತೆ ಬಿಡಿ ಮೇಡಂ. ಬರ್ಕೊಳೋವಾಗ ಉಲ್ಟಾ ಬರ್ದವ್ರೆ."

ನೋಡಿ, ದೇವರೇ ಬಾಗಿಲು ತೆರೆದಂತಿತ್ತು. ಹೌದು ಕಣ್ರಮ್ಮ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ರಂಗಪ್ಪ ಅಲ್ಲೇ ನಿಂತಿದ್ದ. ಒಂದೇ ಗಂಟೆಯಲ್ಲಿ ಎಷ್ಟು ಜನರ ತಲೆಗೆ ಕಟ್ಟುವುದು?

"ಅವಳ ತಪ್ಪಲ್ಲ. ಆ ನೋಟ್ಸ್ ಕೊಟ್ಟವಳು ನಾನೇ. ಕೆಲಸಕ್ಕೆ ಸೇರಿದ ವರ್ಷ ಹೇಳಿ ಬರೆಸಿದ್ದು. ನೂರು ಸಲ ಅಂದಿದ್ದು ಸುಳ್ಳು. ಒಂದು ಸಲವೂ ರನ್ ಮಾಡಿಲ್ಲ" ಅಂದೆ.

ನಗುತ್ತಾರೆ ಅಂದುಕೊಂಡೆ. ಪವಿತ್ರಾ ಮೆಲ್ಲಗೆ ತನ್ನ ರೆಕಾರ್ಡ್ ನನ್ನ ಕಡೆ ತಳ್ಳಿದಳು. ಹನ್ನೆರಡನೇ ಪ್ರಯೋಗ, ಔಟ್‌ಪುಟ್ ನೀಟಾಗಿ ಬರೆದಿತ್ತು. "ನಾನೂ ಹೋದ್ ವಾರನೇ ಬರ್ದಿಟ್ಟಿದ್ದೆ ಮೇಡಂ." ಆಗ ನಕ್ಕರು ನೋಡಿ, ಎಲ್ಲರೂ. ನಾನೂ.

ಎರಡು ಬೈಟ್ ಅದಲುಬದಲು ಮಾಡಿದೆವು. ರೀಸ್ಟಾರ್ಟ್. ಕರಕರ. ಕಪ್ಪು ಪರದೆಯ ಮೇಲೆ, ಪ್ರೋಗ್ರಾಂನಲ್ಲಿ ಬರೆದಂತೆಯೇ, ಒಂದೇ ಒಂದು ಅಕ್ಷರ ಮೂಡಿತು: A. ಮಕ್ಕಳು ಚಪ್ಪಾಳೆ ಹೊಡೆದರು. ನನಗೆ ಕಣ್ಣು ತುಂಬಿ ಬಂತು, ಯಾಕೆ ಸುಳ್ಳು ಹೇಳಲಿ?

ರಂಗಪ್ಪ ಪರದೆಯನ್ನು ದಿಟ್ಟಿಸಿದ. "ಇಷ್ಟೇಯಾ ಮೇಡಂ? ಇದ್ಕೆ ಇಷ್ಟು ದೊಡ್ಡ ರಾಮಾಯಣ್ವಾ?"

ಕ್ಲಾಸ್ ಬಿಡುವ ಮುಂಚೆ ಮಕ್ಕಳೆದುರಿಗೇ ಅವನಿಗೆ ಸಾರಿ ಕೇಳಿದೆ. ರೇಗಿದ್ದೂ ಅವರೆದುರಿಗೇ ತಾನೆ? "ಬುಡಿ ಮೇಡಂ. ಮಿಷಿನ್ ಕೆಟ್ರೆ ಅಟೆಂಡರ್ದು, ನಡುದ್ರೆ ಮೇಷ್ಟ್ರುದು. ಇದೇನ್ ಹೊಸ್ದಾ?" ಅಂದು ಡಬ್ಬ ಎತ್ತಿಕೊಂಡು ಹೋದ. ಆ ಮಾತು ಇನ್ನೂ ಚುಚ್ಚುತ್ತಿದೆ. ಚುಚ್ಚಲಿ.

ಅವತ್ತು ತುಮಕೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಊರು ಬರುವವರೆಗೂ ನಿದ್ದೆ. ಕಂಡಕ್ಟರ್ ಎಬ್ಬಿಸಬೇಕಾಯಿತು. ಅಷ್ಟು ಹಗುರವಾಗಿ ಮಲಗಿ ಎಷ್ಟು ದಿನವಾಗಿತ್ತೋ.

ನಿನ್ನೆ ಇನ್ನೊಬ್ಬಳು ಕೈ ಎತ್ತಿದಳು. "ಮೇಡಂ, ಪೆನ್‌ಡ್ರೈವ್‌ಗೂ ಇದೇ ಪ್ರೋಗ್ರಾಂ ಹಾಕಿದ್ರೆ ನಡೆಯುತ್ತಾ?"

"ಗೊತ್ತಿಲ್ಲ ಕಣಮ್ಮ, ಹಾಕಿ ನೋಡೋಣ" ಅಂದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಮಕ್ಕಳು ಎದ್ದು ಮಿಷಿನ್ ಸುತ್ತ ಕುರ್ಚಿ ಎಳೆದುಕೊಂಡರು.

"ಗೊತ್ತಿಲ್ಲ" ಎಂಬ ಇಷ್ಟು ಸಣ್ಣ ಮಾತು ಕಲಿಯಲು ಒಬ್ಬ ಟೀಚರ್‌ಗೆ ಇಪ್ಪತ್ತೆರಡು ವರ್ಷ ಬೇಕಾಯಿತೆಂದರೆ, ಫುಲ್ ಮಾರ್ಕ್ಸ್ ಕೊಡಲು ನಾನು ಯಾರು?