ಅಣಬೆ ಭರಣಿಗೆ ಹಾಕಿದ ಚಮಚ

ಯಾದ್ವಿಗಾ ಹುಟ್ಟಿ ಬೆಳೆದದ್ದು ಬೆಲಾರೂಸಿನ ಗ್ರೋದ್ನದಲ್ಲಿ. ಈಗ ಗಡಿಯಾಚೆ, ಪೋಲೆಂಡಿನ ಬಿಯಾವಿಸ್ತೋಕ್‌ನಲ್ಲಿ ಔಷಧಿ ಅಂಗಡಿಯ ಕೆಲಸ. ಕೈ ಅಲ್ಲಿ ಮಾತ್ರೆ ಕಟ್ಟುತ್ತಿದ್ದರೂ ಜೀವವೆಲ್ಲ ಫೋನಿನೊಳಗೆ. ಊರಲ್ಲಿ ಸರ್ಕಾರಕ್ಕೆ ಎದುರಾಡಿ ಜೈಲು ಸೇರಿದವರ ಮನೆಗಳಿಗೆ ಹೊರಗಿನವರು ಕೊಡುವ ಬಿಟ್‌ಕಾಯಿನನ್ನು ಗುಟ್ಟಾಗಿ ತಲುಪಿಸುವ ಉಸಾಬರಿ ಅವಳದು. ಸಿಕ್ಕಿಬಿದ್ದರೆ ದುಡ್ಡು ತೆಗೆದುಕೊಂಡವರೂ ಒಳಗೆ.

ಅವಳದು ಗುಟ್ಟು ಕಾಯಲೆಂದೇ ಮಾಡಿದ ವ್ಯಾಲೆಟ್. ಅದರಲ್ಲಿ ದುಡ್ಡು ತುಂಡುತುಂಡಾಗಿ ಕೂತಿರುತ್ತದೆ. ಯಾವ ತುಂಡು ಯಾರಿಗೆಂದು ಹೆಸರು ಬರೆದಿಡಬಹುದು. ಮನುಷ್ಯರ ಹೆಸರು ಬರೆಯಲು ಅವಳೇನು ಪೆದ್ದಿಯೇ? ಅಜ್ಜಿ ನೆಲಮಾಳಿಗೆಯಲ್ಲಿ ಚಳಿಗಾಲಕ್ಕೆ ಸಾಲಾಗಿಡುತ್ತಿದ್ದ ಭರಣಿಗಳ ಹೆಸರು ಇಟ್ಟಳು. ಉಪ್ಪುನೀರಿನ ಸೌತೆಕಾಯಿ ಎಂದರೆ ಕೈದಿಯೊಬ್ಬನ ಹೆಂಡತಿ ವೋಲ್ಹಾ. ಅಣಬೆ ಎಂದರೆ ಸ್ವಂತ ತಂಗಿ ತೆಕ್ಲ್ಯಾ. ಅವಳ ಗಂಡನೂ ಒಳಗಿದ್ದಾನೆ, ಅವಳು ಶಾಲೆಯಲ್ಲಿ ಅಡಿಗೆ ಮಾಡಿ ಬದುಕುತ್ತಾಳೆ.

ಇದನ್ನೆಲ್ಲ ಕಲಿಸಿಕೊಟ್ಟದ್ದು ಅವಳಂತೆಯೇ ಗ್ರೋದ್ನ ಬಿಟ್ಟು ಬಂದ ಮುದುಕ, ಹಳೆಯ ಫಿಸಿಕ್ಸ್ ಮೇಷ್ಟ್ರು ಜ್ಮಿತ್ಸೆರ್. "ಒಂದೊಂದು ಭರಣಿಗೆ ಒಂದೊಂದು ಚಮಚ ಕಣ್ರೀ. ಬಿಟ್‌ಕಾಯಿನ್ ಲೆಕ್ಕ ಯಾರು ಬೇಕಾದ್ರೂ ತೆರೆದು ನೋಡ್ಬಹುದು, ಹೆಸರು ಮಾತ್ರ ಇರಲ್ಲ. ಎರಡು ಭರಣಿ ತುಂಡು ಸೇರಿಸಿ ಕಳಿಸಿದ್ರೆ, ಎರಡೂ ಒಂದೇ ಕೈಯಿಂದ ಬಂದಿದ್ದು ಅಂತ ನೋಡೋರಿಗೆಲ್ಲ ಗೊತ್ತಾಗತ್ತೆ."

ಶುಕ್ರವಾರ, ಜೈಲಲ್ಲಿರುವ ಗಂಡನಿಗೆ ಬೂಟು ಕೊಳ್ಳಲು ವೋಲ್ಹಾಳಿಗೆ ದುಡ್ಡು ಕಳಿಸಬೇಕಿತ್ತು. ಸೌತೆಕಾಯಿ ಭರಣಿಯಲ್ಲಿ ಸಾಲಲಿಲ್ಲ. ಒಂದು ಭರಣಿ ಬರಿದಾದರೆ ಪಕ್ಕದ್ದಕ್ಕೆ ಕೈಹಾಕುವುದು ಆ ನೆಲದ ಹೆಂಗಸರ ರಕ್ತದಲ್ಲೇ ಇದೆ. ತೆಕ್ಲ್ಯಾಳಿಗೆ ಹಿಂದೆ ಕಳಿಸಿ ಉಳಿದ ಚಿಲ್ಲರೆಯನ್ನು ಅಣಬೆಯಿಂದ ತೆಗೆದು ಸೇರಿಸಿ ಕಳಿಸಿಬಿಟ್ಟಳು. ಪುಣ್ಯದ ಕೆಲಸ ಮಾಡಿದೆನೆಂದು ಹಾಯಾಗಿ ಮಲಗಿದಳು ಬೇರೆ.

ಶನಿವಾರ ಜ್ಮಿತ್ಸೆರ್ ಬಾಗಿಲು ಬಡಿದ. "ಪೊಲೀಸ್ನೋರು ವೋಲ್ಹಾ ಮನೆ ಜಾಲಾಡಿದಾರೆ. ಫೋನ್ ಕಿತ್ಕೊಂಡು ಹೋದ್ರಂತೆ."

ಯಾದ್ವಿಗಾ ಮಾಡಿದ್ದನ್ನು ಹೇಳಿದಳು. ಅವನು ಟೋಪಿ ತೆಗೆದು ತಲೆ ಹಿಡಿದುಕೊಂಡ.

"ಅಯ್ಯೋ ಮಹಾತಾಯಿ! ಆ ಚಿಲ್ಲರೆ ಜಾಡು ಹಿಡ್ಕೊಂಡು ಹಿಂದಕ್ಕೆ ಹೋದ್ರೆ ನಿಮ್ಮ ತಂಗಿಗೆ ಕಳಿಸಿದ್ದು ಕಾಣತ್ತಲ್ರೀ!"

"ಅಳಿಸೋಕಾಗಲ್ವಾ?"

"ಕಳಿಸಿದ್ದು ಕಳಿಸಿದ್ದೇ. ಆದ್ರೆ ಆ ಹಳೇ ದುಡ್ಡು ಯಾರ ಮನೆಗೆ ಹೋಯ್ತು ಅಂತ ಅವ್ರಿಗಿನ್ನೂ ಗೊತ್ತಿಲ್ಲ. ಇನ್ಮೇಲೆ ತಂಗಿಗೆ ಒಂದು ಕಾಸೂ ಕಳಿಸ್ಬೇಡಿ. ಕಳಿಸಿದ್ರೆ ನೀವೇ ಬೆರಳಿಟ್ಟು ತೋರಿಸಿದ ಹಾಗೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ಹೊರಬಿದ್ದ ಕೂಡಲೇ ತೆಕ್ಲ್ಯಾ ಫೋನ್ ಮಾಡುವುದು ವಾಡಿಕೆ. ಇಲ್ಲಿಂದ ಅಲ್ಲಿಗೆ ಮಾಡುವಂತಿಲ್ಲ. ಅಂದು ಪೂಜೆಯ ಹೊತ್ತು ಮುಗಿದು, ಊಟದ ಹೊತ್ತೂ ಮೀರಿತು. ಯಾದ್ವಿಗಾ ದ್ರಾನಿಕಿ ಎಂಬ ದಪ್ಪ ದೋಸೆ ಮಾಡಲೆಂದು ಆಲೂಗಡ್ಡೆ ತುರಿಯುತ್ತಾ ಬೆರಳನ್ನೂ ತುರಿದುಕೊಂಡಳು. ಬೆರಳಿನ ಉರಿಯ ಕಡೆ ಗಮನವೇ ಇರಲಿಲ್ಲ. ಬಂದುಬಿಟ್ಟರೇ? ಕರೆದುಕೊಂಡು ಹೋದರೇ? ನನ್ನ ಕೈಯಾರೆ ತಂಗಿಯನ್ನು ಕೊಟ್ಟೆನೇ?

ಫೋನ್ ಹೊಡೆದುಕೊಂಡಿತು.

"ಅಕ್ಕಾ! ಪಕ್ಕದ್ಮನೆಯೋಳು ಚರ್ಚ್ ಬಾಗಿಲಲ್ಲೇ ಹಿಡ್ಕೊಂಡ್ಬಿಟ್ಲು. ಸೊಸೆ ಪುರಾಣ ಮುಗಿಸ್ದೆ ಬಿಡ್ಲೇ ಇಲ್ಲ."

ಯಾದ್ವಿಗಾ ತುರಿದ ಬೆರಳನ್ನು ಆಗಷ್ಟೇ ನಲ್ಲಿಯ ನೀರಿಗೆ ಹಿಡಿದಳು.

"ಅಣಬೆ ಯಾವಾಗ ಕಳಿಸ್ತೀಯಾ? ಚಳಿ ಶುರುವಾಯ್ತು, ಇನ್ನೂ ಸೌದೆ ಹಾಕ್ಸಿಲ್ಲ."

"ಅಣಬೆ ಇಲ್ಲ ಕಣೇ."

"ಮುಂದಿನ ವಾರ?"

"ಇಲ್ಲ. ಇನ್ಮೇಲೆ ಕೇಳ್ಬೇಡ."

ಕಾರಣ ಹೇಳುವ ಹಾಗಿರಲಿಲ್ಲ. ಆ ತಂತಿಯ ಮೇಲೆ ಯಾರ ಕಿವಿಯೋ.

"ಓಹೋ! ಗಡಿ ದಾಟಿದ್ಮೇಲೆ ದೊಡ್ಡಮನುಷ್ಯಳಾಗ್ಬಿಟ್ಯಾ? ನಾನಿಲ್ಲಿ ಚಳಿಗೆ ಸಾಯ್ಬೇಕಾ? ಅಮ್ಮ ಇದ್ದಿದ್ರೆ ನಿನ್ನ ಮುಖಾನೂ ನೋಡ್ತಿರ್ಲಿಲ್ಲ!"

ಯಾದ್ವಿಗಾಳ ಕಣ್ಣು ತುಂಬಿತು. ಬೈಯುತ್ತಿದ್ದಾಳೆ, ಅಂದರೆ ಮನೆಯಲ್ಲಿದ್ದಾಳೆ.

"ಬೈಯೇ," ಎಂದಳು. "ಮುಂದಿನ ಭಾನುವಾರಾನೂ ಫೋನ್ ಮಾಡಿ ಬೈಯಿ. ಪ್ರತಿ ಭಾನುವಾರ ಬೈಯಿ."

ತೆಕ್ಲ್ಯಾ ಫಟ್ಟನೆ ಫೋನ್ ಇಟ್ಟಳು.